ತಂತಿ ಹೋಯಿತು, ಗೊಂಬೆ ಉಳಿಯಿತು

ಇಂದು ಸಿತಾರಿಗೆ ಒಳ್ಳೆಯ ಉಕ್ಕಿನ ತಂತಿ ಬೇಕೆಂದರೆ ವಾದ್ಯದಂಗಡಿಯವರು ಜರ್ಮನಿಯ ರೋಸ್ಲಾವ್ ತಂತಿಯ ಹೆಸರು ಹೇಳುತ್ತಾರೆ. ಇನ್ನೂರು ವರ್ಷಗಳ ಹಿಂದೆ ಆ ಹೆಸರು ಚನ್ನಪಟ್ಟಣದ್ದಾಗಿತ್ತು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆದೇಶದ ಮೇರೆಗೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಊರಲ್ಲಿ ನಿಂತು ಬರೆದುಕೊಂಡ ಸಂಗತಿಗಳಲ್ಲಿ ವಾದ್ಯಗಳ ಉಕ್ಕಿನ ತಂತಿ ಮುಖ್ಯವಾದದ್ದು. ಅದಕ್ಕೆ ಎಲ್ಲೆಡೆ ಬೇಡಿಕೆಯಿತ್ತು, ಹಿಂದೂಸ್ತಾನದ ದೂರದ ಮೂಲೆಗಳಿಗೂ ಅದು ಹೋಗುತ್ತಿತ್ತು. ಗಾಜಿನ ಬಳೆಯ ಕುಲುಮೆಗಳಿದ್ದವು. ಅರಮನೆಗೆಂದು ಅಪ್ಪಟ ಬಿಳಿ ಸಕ್ಕರೆ ಮಾಡುವ ಒಂದು ಮನೆತನವೂ ಇತ್ತು. ಅದಾದ ಮುಕ್ಕಾಲು ಶತಮಾನದ ಮೇಲೆ ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್ ಬರೆದಾಗಲೂ ಕೋಟೆಯ ಈಶಾನ್ಯಕ್ಕಿದ್ದ ಶುಕ್ರವಾರಪೇಟೆ ಅರಗಿನ ಗೊಂಬೆ, ಉಕ್ಕಿನ ತಂತಿ, ಗಾಜಿನ ಬಳೆ ಈ ಮೂರಕ್ಕೂ ಹೆಸರಾಗಿತ್ತು. ಅಲ್ಲಿನ ಲಬ್ಬೆ ಮತ್ತು ದಾಯರೆ ಮುಸಲ್ಮಾನ ವರ್ತಕರು ಪಶ್ಚಿಮ ಕರಾವಳಿಯವರೆಗೆ ವ್ಯಾಪಾರ ನಡೆಸುತ್ತಿದ್ದರು. ಆ ಕಾಲದ ಅಳತೆಯಲ್ಲಿ ನೋಡಿದರೆ ಚನ್ನಪಟ್ಟಣ ಒಂದು ತಂತ್ರಜ್ಞಾನದ ಪಟ್ಟಣ. ಲೋಹ, ಗಾಜು, ರಸಾಯನ, ಮರಗೆಲಸ ಒಂದೇ ಪೇಟೆಯಲ್ಲಿ ಕೂಡಿದ್ದವು. ಅವುಗಳಲ್ಲಿ ಇಂದು ಊರಿನ ಹೆಸರಿನ ಜೊತೆ ಉಳಿದಿರುವುದು ಗೊಂಬೆಯೊಂದೇ.

ಇಲ್ಲಿಂದ ಅರವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಈಗ ಕಂಪನಿಗಳು ಊರು ಬಿಡುವ ಮಾತು ಕೇಳುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಂಪನಿಯೊಂದು ಗುಂಡಿ, ದೂಳು, ಕೆಲಸಕ್ಕೆ ಬಂದುಹೋಗುವುದರಲ್ಲೇ ಕಳೆಯುವ ಹೊತ್ತನ್ನು ಕಾರಣವಾಗಿ ಹೇಳಿ ಆ ಜಾಗ ಬಿಡುವುದಾಗಿ ಪ್ರಕಟಿಸಿದಾಗ, ಆಂಧ್ರಪ್ರದೇಶದ ಸಚಿವರೊಬ್ಬರು ಮರುದಿನವೇ ತಮ್ಮಲ್ಲಿಗೆ ಬನ್ನಿ ಎಂದು ಕರೆದರು. ಆಮೇಲೆ ನಡೆದ ಚರ್ಚೆಯೆಲ್ಲ ರಸ್ತೆ, ತೆರಿಗೆ, ಜಮೀನಿನ ಬೆಲೆಯ ಸುತ್ತಲೇ ತಿರುಗಿತು. ರಸ್ತೆ ಸರಿಯಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಉದ್ಯಮ ಯಾಕೆ ಊರು ಬಿಡುತ್ತದೆ ಎಂಬುದಕ್ಕೆ ಅಷ್ಟೇ ಉತ್ತರವಾಗಿದ್ದರೆ, ಒಂದೇ ಪೇಟೆಯಲ್ಲಿ, ಒಂದೇ ಆಡಳಿತದ ಕೆಳಗೆ, ಒಂದೇ ಸುಂಕ ಕಟ್ಟಿಕೊಂಡು, ಒಂದೇ ರಸ್ತೆಯಲ್ಲಿ ಸರಕು ಸಾಗಿಸಿದ ತಂತಿ ಮತ್ತು ಗೊಂಬೆಗಳ ಹಣೆಬರಹ ಬೇರೆಬೇರೆಯಾಗಬಾರದಿತ್ತು. ಚನ್ನಪಟ್ಟಣದ ಎರಡು ಶತಮಾನಗಳು ತೋರಿಸುವುದು ಇನ್ನೊಂದು ಕಾರಣವನ್ನು. ಕಸುಬಿನ ತಿಳಿವಳಿಕೆ ಎಷ್ಟು ಮನೆಗಳಿಗೆ ಹರಡಿದೆ, ಅದಕ್ಕೆ ಆಸರೆಯಾದ ಇತರ ಕೆಲಸಗಳು ಸುತ್ತಮುತ್ತ ಎಷ್ಟಿವೆ ಎಂಬುದರ ಮೇಲೆ ಅದರ ಆಯುಸ್ಸು ನಿಂತಿರುತ್ತದೆ. ಒಂದೇ ಕಂಬದ ಮೇಲೆ ನಿಂತದ್ದು ಆ ಕಂಬ ಅಲುಗಿದೊಡನೆ ಹೋಗುತ್ತದೆ.

ತಂತಿಯ ಕಂಬ ಯಾವುದಾಗಿತ್ತು? ಉಕ್ಕು. ಮಳೆಗಾಲದ ಹಳ್ಳಗಳಲ್ಲಿ ಕೊಚ್ಚಿ ಬರುವ ಕಪ್ಪು ಮರಳನ್ನು ಸೋಸಿ, ಇದ್ದಿಲಿನ ಕುಲುಮೆಯಲ್ಲಿ ಕಬ್ಬಿಣ ಇಳಿಸುವ ಕೆಲಸ ಮೈಸೂರು ಸೀಮೆಯ ಹಲವೆಡೆ ನಡೆಯುತ್ತಿತ್ತು. ಬುಕಾನನ್ ಅದನ್ನು ಮಾಗಡಿ ಕಡೆಯ ಘಟ್ಟಿಪುರದಲ್ಲಿ ಕಂಡು ವಿವರವಾಗಿ ಬರೆದಿದ್ದಾನೆ. ಆ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿಯನ್ನೂ ಬಳ್ಳಿಯೊಂದರ ಹಸಿ ಎಲೆಯನ್ನೂ ಹಾಕಿ, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸಿದರೆ ಒಳಗಿನ ಇಂಗಾಲವನ್ನು ಹೀರಿ ಕಬ್ಬಿಣ ಉಕ್ಕಾಗುತ್ತಿತ್ತು. ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯದ ತಂತಿ ಎಲ್ಲವೂ ಈ ಬಗೆಯ ಉಕ್ಕಿನಿಂದ ಆಗುತ್ತಿದ್ದವು. ಅದನ್ನು ಬಡಿದು ಸಣ್ಣ ಸರಳು ಮಾಡಿ, ಕಂಬಿಯಚ್ಚಿನ ದೊಡ್ಡ ತೂತಿನಿಂದ ಸಣ್ಣ ತೂತಿಗೆ, ಅಲ್ಲಿಂದ ಇನ್ನೂ ಸಣ್ಣದಕ್ಕೆ ಎಳೆಯುತ್ತ ಹೋಗಬೇಕು. ನಡುನಡುವೆ ಕಾಯಿಸಿ ಹದ ಮಾಡದಿದ್ದರೆ ತಂತಿ ಕಡಿಯುತ್ತದೆ, ಹೆಚ್ಚು ಕಾಯಿಸಿದರೆ ನಾದ ಕೆಡುತ್ತದೆ. ಇದು ಕೈಗೂ ಕಿವಿಗೂ ಒಟ್ಟಿಗೆ ಬರಬೇಕಾದ ವಿದ್ಯೆ. ಅದನ್ನು ಬಲ್ಲವರು ಪೇಟೆಯಲ್ಲಿದ್ದರು, ಆದರೆ ಅವರ ಕೈಗೆ ಉಕ್ಕು ಕೊಡುವ ಕುಲುಮೆ ಕಾಡಂಚಿನಲ್ಲಿತ್ತು. ಕುಲುಮೆಯ ಉಸಿರು ಇದ್ದಿಲಿನಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಅರಣ್ಯ ಇಲಾಖೆ ಬಂದು ಮರ ಕಡಿಯುವುದಕ್ಕೆ ಕಟ್ಟುಪಾಡು ಬಿತ್ತು. ಕತ್ತಿ ಕೊಳ್ಳುವ ಪಾಳೆಯಗಾರರೂ ಸೈನ್ಯಗಳೂ ಅಷ್ಟು ಹೊತ್ತಿಗೆ ಇರಲಿಲ್ಲ. ಉಕ್ಕಿನ ದೊಡ್ಡ ಗಿರಾಕಿ ತಪ್ಪಿದ ಮೇಲೆ ವಾದ್ಯದ ತಂತಿಗೆ ಬೇಕಾಗುವ ಚೂರುಪಾರಿಗಾಗಿ ಯಾರೂ ಕುಲುಮೆ ಹಚ್ಚುವುದಿಲ್ಲ.

ಇದಕ್ಕೆ ತಕ್ಷಣ ಬರುವ ಆಕ್ಷೇಪವೊಂದಿದೆ, ಅದು ಗಟ್ಟಿಯಾದದ್ದೇ. ಚನ್ನಪಟ್ಟಣದ ತಂತಿಯನ್ನು ಕೊಂದದ್ದು ಇಂಗ್ಲೆಂಡಿನ ಯಂತ್ರ, ಅದಕ್ಕೆ ಸುಂಕವಿಲ್ಲದೆ ಬಾಗಿಲು ತೆರೆದ ಪರಕೀಯ ಆಡಳಿತ. ಕಸುಬಿನೊಳಗೆ ಕಾರಣ ಹುಡುಕುವುದು ಅನ್ಯಾಯ, ಎಂಬುದು ಆ ಆಕ್ಷೇಪ. ಬರ್ಮಿಂಗ್‌ಹ್ಯಾಮ್‌ನ ವೆಬ್‌ಸ್ಟರ್ ಅಂಡ್ ಹೋರ್ಸ್‌ಫಾಲ್ ಕಂಪನಿ 1850ರ ದಶಕದಲ್ಲಿ ಹದ ಮಾಡಿದ ಗಟ್ಟಿ ಉಕ್ಕಿನ ತಂತಿಗೆ ಹಕ್ಕುಪತ್ರ ಪಡೆಯಿತು. ಪಿಯಾನೊಗೆ ಹೊಂದುವ ಆ ತಂತಿ 1866ರ ಅಟ್ಲಾಂಟಿಕ್ ತಂತಿ ಹಗ್ಗಕ್ಕೂ ಬಳಕೆಯಾಯಿತು. ಸಮುದ್ರದಡಿಯ ಹಗ್ಗಕ್ಕಾಗಿ ಮೈಲಿಗಟ್ಟಲೆ ಎಳೆಯುವವರ ಜೊತೆ ವೀಣೆಗಾಗಿ ಮೊಳಗಟ್ಟಲೆ ಎಳೆಯುವವರು ಬೆಲೆಯಲ್ಲಿ ಸೆಣಸಲಾರರು. 1881ರಲ್ಲಿ ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ರೈಲು ಬಂದ ಮೇಲೆ ಆ ಸರಕಿಗೆ ಊರಿನ ಬಾಗಿಲೇ ತೆರೆಯಿತು. ಇದೆಲ್ಲ ನಿಜ, ಪರಕೀಯ ಆಡಳಿತದ ಹೊಣೆಯನ್ನು ಒಂದು ಎಳೆಯಷ್ಟೂ ಕಡಿಮೆ ಮಾಡಬೇಕಾಗಿಲ್ಲ. ಆದರೆ ಅದೇ ರೈಲು ಜರ್ಮನಿಯ, ಜಪಾನಿನ ಅಗ್ಗದ ಆಟಿಕೆಗಳನ್ನೂ ತಂದಿತು. ಗೊಂಬೆ ಮಾಡುವವರು ಪೆಟ್ಟು ತಿಂದರೂ ಊರು ಬಿಡಲಿಲ್ಲ. ಹೊರಗಿನ ಏಟು ಎರಡಕ್ಕೂ ಬಿದ್ದಿದ್ದರೆ, ಒಂದು ಬಿದ್ದು ಒಂದು ನಿಂತದ್ದಕ್ಕೆ ಕಾರಣ ಒಳಗೂ ಇರಬೇಕು. ಇದ್ದಿಲಿನ ಕಬ್ಬಿಣವಂತೂ ಮುಂದೆ ನಡೆಯದ ವಿದ್ಯೆಯಾಗಿರಲಿಲ್ಲ. ಮೈಸೂರು ಸಂಸ್ಥಾನವೇ 1923ರಲ್ಲಿ ಭದ್ರಾವತಿಯಲ್ಲಿ ಇದ್ದಿಲು ಉರಿಸಿ ಬೀಡುಕಬ್ಬಿಣ ತೆಗೆಯಿತು. ಅಷ್ಟು ಹೊತ್ತಿಗೆ ಮಾಗಡಿಯ ಕುಲುಮೆಗೂ ಚನ್ನಪಟ್ಟಣದ ಕಂಬಿಯಚ್ಚಿಗೂ ನಡುವಿನ ಕೊಂಡಿ ಕಳಚಿತ್ತು. ಸಕ್ಕರೆಯ ಕತೆ ಇನ್ನೂ ಚಿಕ್ಕದು. ಒಂದೇ ಮನೆತನದಲ್ಲಿ ಗುಟ್ಟಾಗಿದ್ದ, ಒಂದೇ ಅರಮನೆ ಕೊಳ್ಳುತ್ತಿದ್ದ ಸಕ್ಕರೆ ಆ ಅರಮನೆಯ ವೈಭವದ ಜೊತೆಗೇ ಮುಗಿಯಿತು.

ಗೊಂಬೆಯ ಕಡೆಗೆ ತಿರುಗಿದರೆ ಬೇರೆಯೇ ಚಿತ್ರ. ಮೂಲ ಸಾಮಗ್ರಿ ಹಾಲೆ ಮರ. ಬೆಳ್ಳಗೆ, ಹಗುರ, ಎಳೆ ಒತ್ತಾಗಿರುವ ಮರ, ಸುತ್ತಲಿನ ಕುರುಚಲು ಕಾಡುಗಳಲ್ಲೂ ಹೊಲದ ಬದುಗಳಲ್ಲೂ ಬೆಳೆಯುವಂಥದ್ದು. ಕಡಿದು ತಂದದ್ದನ್ನು ಎರಡು ಮೂರು ತಿಂಗಳು ಒಣಗಿಸಿ, ಲೇತಿಗೆ ಕಟ್ಟಿ ಕಡೆಯುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಮರಕ್ಕೆ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯನ್ನು ಹಿಡಿದು ತೀಡಿದರೆ ಹೊಳಪು ಬರುತ್ತದೆ. ಈ ಸಣ್ಣ ವಿವರಣೆಯಲ್ಲಿ ಎಷ್ಟು ಕಸುಬುಗಳಿವೆ ನೋಡಿ. ಮರ ತರುವವರು, ಮರ ಒಣಗಿಸಿ ಮಾರುವವರು, ಉಳಿ ಸಾಣೆ ಹಿಡಿಯುವವರು, ಲೇತು ರಿಪೇರಿ ಮಾಡುವವರು, ಅರಗಿಗೆ ಬಣ್ಣ ಕಲಸಿ ಕಡ್ಡಿ ಎಳೆಯುವವರು, ಗರಿ ತರುವವರು, ಬಿಡಿಭಾಗ ಜೋಡಿಸುವ ಹೆಂಗಸರು, ಹೆದ್ದಾರಿಯ ಪಕ್ಕದಲ್ಲಿ ಅಂಗಡಿ ಇಟ್ಟವರು. ಅರಗು ದೂರದ ಕಾಡಿನಿಂದ ಬಂದರೂ ಅದನ್ನು ಬಣ್ಣವಾಗಿಸುವ ಕೈ ಊರಿನದೇ. ಒಬ್ಬರ ಕೆಲಸ ನಿಂತರೆ ಪಕ್ಕದ ಬೀದಿಯಲ್ಲಿ ಇನ್ನೊಬ್ಬರು ಸಿಗುತ್ತಾರೆ. ಹಾಲೆ ದುರ್ಲಭವಾದಾಗ ರಬ್ಬರ್ ಮರಕ್ಕೆ ಹೋದರು. ಕೈಯಲ್ಲಿ ಎಳೆಯುವ ಲೇತು ಹೋಗಿ ವಿದ್ಯುತ್ ಲೇತು ಬಂತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಜಪಾನಿನ ಗೊಂಬೆಗಳನ್ನೂ ಅರಗಿನ ಕೆಲಸವನ್ನೂ ಅಭ್ಯಾಸ ಮಾಡಿ ಆ ವಿಧಾನವನ್ನು ಇಲ್ಲಿಗೆ ತಂದವರೆಂದು ಬಾವಾಸ್ ಮಿಯಾ ಅವರನ್ನು ಊರು ಇಂದಿಗೂ ನೆನೆಯುತ್ತದೆ. ಅವರು ಕಲಿತದ್ದನ್ನು ತಮ್ಮ ಮನೆಯೊಳಗೇ ಇಟ್ಟುಕೊಂಡಿದ್ದರೆ ಸಕ್ಕರೆ ಮನೆತನದ ಹಾಗೆ ಒಂದು ಸಾಲಿನ ದಾಖಲೆಯಾಗಿ ಉಳಿಯುತ್ತಿದ್ದರು. ಊರಿನ ಕುಶಲಕರ್ಮಿಗಳಿಗೆ ಕಲಿಸಿದರು. ಹಿಂದೂ ಮುಸಲ್ಮಾನರೆನ್ನದೆ ಹಲವು ಮನೆಗಳಿಗೆ ಆ ವಿದ್ಯೆ ಹೋಯಿತು. ಚನ್ನಪಟ್ಟಣದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ನನಗೆ ಕಾಣುವುದಿಲ್ಲ, ಕೋಟೆ ಕಟ್ಟಿದ ಜಗದೇವರಾಯನ ಆಳ್ವಿಕೆಯನ್ನೂ ಸೇರಿಸಿಯೇ ಈ ಮಾತು ಹೇಳುತ್ತೇನೆ.

ಗೊಂಬೆ ಉಳಿದದ್ದು ಸರಕಾರ ಕೈಹಿಡಿದದ್ದರಿಂದ ಎನ್ನುವವರಿದ್ದಾರೆ. 1964ರಲ್ಲಿ ಶುರುವಾದ ಕರಕುಶಲ ಅಭಿವೃದ್ಧಿ ನಿಗಮ ಇಲ್ಲಿ ಅರಗಿನ ಕೆಲಸದ ಸಂಕೀರ್ಣ ಕಟ್ಟಿತು, ಕಾವೇರಿ ಮಳಿಗೆಗಳಲ್ಲಿ ಮಾರಿತು. ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. 2020ರಲ್ಲಿ ಕೇಂದ್ರ ಸರಕಾರ ಆಮದು ಆಟಿಕೆಗಳ ಮೇಲಿನ ಸುಂಕವನ್ನು ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಇವು ಸಣ್ಣ ಸಹಾಯಗಳಲ್ಲ. ಆದರೆ ಸರಕಾರದ ಆಸರೆಯೇ ಸಾಕಾಗುವಂತಿದ್ದರೆ ಇದೇ ಊರಿನ ಇನ್ನೊಂದು ಉದ್ಯಮ ಬಾಗಿಲು ಹಾಕಬಾರದಿತ್ತು. ಅದು 1936ರಲ್ಲಿ ಹುಟ್ಟಿದ ಸ್ಪನ್ ಸಿಲ್ಕ್ ಮಿಲ್. ಗೂಡಿನಿಂದ ನೂಲು ಬಿಚ್ಚುವಾಗ ಉಳಿಯುವ ತ್ಯಾಜ್ಯವನ್ನು ಬೇಯಿಸಿ, ಬಾಚಿ, ಹತ್ತಿಯ ಹಾಗೆ ನೂತು ನೂಲು ಮಾಡುವ ಈ ಗಿರಣಿ ಕಲ್ಪನೆಯಲ್ಲಿ ಬಹಳ ಒಳ್ಳೆಯದು. ಕಸವಾಗಿ ಹೋಗುವುದಕ್ಕೆ ಬೆಲೆ ತರುತ್ತಿತ್ತು. ಜಪಾನ್ ಮತ್ತು ಚೀನಾದ ಅಗ್ಗದ ರೇಷ್ಮೆ, ಕೃತಕ ರೇಷ್ಮೆಗಳ ಹೊಡೆತದಿಂದ ಮೈಸೂರಿನ ರೇಷ್ಮೆ ತತ್ತರಿಸಿದ್ದ ಕಾಲದಲ್ಲಿ ಅದು ಭರವಸೆಯಾಗಿ ಎದ್ದಿತು. ಮುಂದೆ 1980ರಲ್ಲಿ ಸ್ಥಾಪನೆಯಾದ ರೇಷ್ಮೆ ಉದ್ಯಮಗಳ ನಿಗಮದ ಆಡಳಿತಕ್ಕೆ ಬಂತು. ಯಂತ್ರಗಳು ಹಳತಾದವು, ಚೀನಾದ ನೂಲು ಅಗ್ಗವಾಯಿತು, ನಷ್ಟ ಬೆಳೆಯಿತು, ಗಿರಣಿ ನಿಂತಿತು. ಆ ಯಂತ್ರಗಳು ಊರಿನ ಲೇತಿನ ಅಂಗಡಿಯಲ್ಲಿ ರಿಪೇರಿಯಾಗುವಂಥವಲ್ಲ. ಬೇಯಿಸುವುದರಿಂದ ಹಿಡಿದು ನೂಲುವವರೆಗಿನ ಎಲ್ಲ ಹಂತಗಳೂ ಒಂದೇ ಗೋಡೆಯೊಳಗಿದ್ದವು. ಹೊರಗೆ ಅದರ ಜೊತೆ ಬೆಳೆದ ಹತ್ತು ಸಣ್ಣ ಗಿರಣಿಗಳಿರಲಿಲ್ಲ. ಹೀಗಾಗಿ ಗೇಟಿಗೆ ಬೀಗ ಬಿದ್ದಾಗ ಒಳಗಿದ್ದವರ ವಿದ್ಯೆಗೆ ಊರಿನಲ್ಲಿ ಬೇರೆ ಮನೆ ಸಿಗಲಿಲ್ಲ. ನಿಗಮ ಮುಂದೆ ಚನ್ನಪಟ್ಟಣದಲ್ಲಿ ಸೀರೆ ನೇಯುವ ಘಟಕ ಮಾಡಿತು. ಅದು ಬೇರೆಯೇ ಕಸುಬು.

ಅದೇ ರೇಷ್ಮೆಯ ಇನ್ನೊಂದು ಕೊಂಬೆ ನೋಡಿದರೆ ವಾದ ಸ್ಪಷ್ಟವಾಗುತ್ತದೆ. 1913ರ ಸುಮಾರಿಗೆ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಮೈಸೂರು ಸಂಸ್ಥಾನ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ರೇಷ್ಮೆ ತಜ್ಞರನ್ನು ಕರೆಸಿತು. ಚನ್ನಪಟ್ಟಣದಲ್ಲಿ ಸರಕಾರಿ ರೇಷ್ಮೆ ಕ್ಷೇತ್ರ ಸ್ಥಾಪನೆಯಾಯಿತು. ರೋಗವಿಲ್ಲದ ಮೊಟ್ಟೆ ಆರಿಸುವ ಪಾಶ್ಚರ್ ವಿಧಾನ, ಮೈಸೂರು ತಳಿಗೆ ಹೊರದೇಶದ ತಳಿ ಕೂಡಿಸಿದ ಮಿಶ್ರತಳಿ, ಇವು ರೈತರ ಮನೆಗೆ ಹೋದವು. ಕುಣಿಗಲ್, ಮಾಗಡಿ ಕಡೆ ಬಿತ್ತನೆ ಗೂಡು, ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಹುಳು ಗೂಡು ಕಟ್ಟುವ ಚಂದ್ರಿಕೆ ಹೆಣೆಯುವವರು, ನೂಲು ಬಿಚ್ಚಾಣಿಕೆದಾರರು, ಹುರಿ ಹಾಕುವವರು, ಹೀಗೆ ಸಾವಿರ ಕೈಗಳಿಗೆ ವಿದ್ಯೆ ಹಂಚಿಹೋಯಿತು. ಇದೂ ಸರಕಾರದ ಕೆಲಸವೇ, ಗಿರಣಿಯೂ ಸರಕಾರದ ಕೆಲಸವೇ. ಒಂದರಲ್ಲಿ ಸರಕಾರ ವಿದ್ಯೆಯನ್ನು ಹೊರಗೆ ಬಿಟ್ಟಿತು, ಇನ್ನೊಂದರಲ್ಲಿ ಕಟ್ಟಡದೊಳಗೆ ಇಟ್ಟಿತು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. ಆದರೂ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆ ಮುಚ್ಚಲಿಲ್ಲ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನದೊಳಗೆ ಒಳಗಿನ ಚಿಟ್ಟೆ ಎಳೆ ತೂತು ಮಾಡಿ ಹೊರಬರುತ್ತದೆ. ಅಷ್ಟರೊಳಗೆ ಗೂಡು ಮಾರಾಟವಾಗಿ ನೂಲು ಬಿಚ್ಚುವವರ ಕೈ ಸೇರಬೇಕು. ಹೀಗಾಗಿ ಬೆಳೆಗಾರನೂ ಬಿಚ್ಚಾಣಿಕೆದಾರನೂ ಒಬ್ಬರನ್ನೊಬ್ಬರು ಬಿಟ್ಟು ಬಹುದೂರ ಹೋಗುವುದು ಕಷ್ಟ.

ಕೊನೆಯದಾಗಿ, ತಂತಿ, ಗೊಂಬೆ, ರೇಷ್ಮೆಗಳ ಲೆಕ್ಕ ಸಾಫ್ಟ್‌ವೇರಿಗೆ ಹೊಂದುವುದಿಲ್ಲ ಎನ್ನಬಹುದು. ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟರೆ ಆಯಿತು, ಅದಕ್ಕೆ ಹಾಲೆ ಮರವೂ ಬೇಡ ಗೂಡೂ ಬೇಡ. ಆದರೆ ಹೊಸ ಕಾಲದ ಅನುಭವವೂ ಇದೇ ಕಡೆ ಬೆರಳು ತೋರಿಸುತ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಬಾಸ್ಟನ್ ಸುತ್ತಿನ 128ನೆಯ ಹೆದ್ದಾರಿ ಕಂಪ್ಯೂಟರ್ ಉದ್ಯಮದಲ್ಲಿ ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಗೆ ಸಮವಾಗಿತ್ತು. ಆಮೇಲೆ ಬಾಸ್ಟನ್ ಕಡೆಯ ವ್ಯಾಂಗ್ ಕಂಪನಿ 1992ರಲ್ಲಿ ದಿವಾಳಿಗೆ ಅರ್ಜಿ ಹಾಕಿತು, ಡಿಜಿಟಲ್ ಎಕ್ವಿಪ್‌ಮೆಂಟ್ 1998ರಲ್ಲಿ ಇನ್ನೊಬ್ಬರ ಪಾಲಾಯಿತು. ಎರಡೂ ಪ್ರದೇಶಗಳನ್ನು ಹೋಲಿಸಿ 1994ರಲ್ಲಿ ಬರೆದ ಆನ್ನಾಲೀ ಸ್ಯಾಕ್ಸೆನಿಯನ್ ಕಂಡದ್ದೂ ಇದನ್ನೇ: ಬಾಸ್ಟನ್ನಿನ ಕಂಪನಿಗಳು ಎಲ್ಲವನ್ನೂ ತಮ್ಮ ಗೋಡೆಯೊಳಗೆ ಮಾಡಿಕೊಂಡವು, ಕಣಿವೆಯಲ್ಲಿ ಜನ ಕಂಪನಿಯಿಂದ ಕಂಪನಿಗೆ ಹೋಗುತ್ತ ವಿದ್ಯೆಯನ್ನು ಹರಡಿದರು. ಬೆಂಗಳೂರಿನದೇ ಉದಾಹರಣೆ ಬೇಕೆಂದರೆ ಎಚ್‌ಎಂಟಿ ಇದೆ. 1953ರಲ್ಲಿ ಶುರುವಾದ ಆ ಕಾರ್ಖಾನೆಯ ಕೈಗಡಿಯಾರ ವಿಭಾಗ 2016ರ ಹೊತ್ತಿಗೆ ಮುಗಿಯಿತು. ಅದು ದೊಡ್ಡ ನಷ್ಟ. ಆದರೆ ಎಚ್‌ಎಂಟಿ, ಐಟಿಐ, ಬಿಇಎಲ್‌ನಂಥ ಕಾರ್ಖಾನೆಗಳಲ್ಲಿ ಪಳಗಿದ ಕೈಗಳು ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಮೊದಲೇ ಬೇರು ಬಿಟ್ಟಿದ್ದವು. ಕಾರ್ಖಾನೆ ಹೋದರೂ ಲೋಹ ಕಡೆಯುವ ವಿದ್ಯೆ ನಗರವನ್ನು ಬಿಡಲಿಲ್ಲ. ಹಾಗಾಗಿ ಬೆಂಗಳೂರಿಗೆ ಕೇಳಬೇಕಾದ ಪ್ರಶ್ನೆ ಎಷ್ಟು ಕಂಪನಿ ಹೋದವು ಎಂಬುದಲ್ಲ. ಹೋಗುವಾಗ ಅವು ಇಲ್ಲಿ ಏನನ್ನು ಬಿಟ್ಟು ಹೋಗುತ್ತವೆ ಎಂಬುದು. ಹೊರದೇಶದ ಒಬ್ಬನೇ ಗಿರಾಕಿಗಾಗಿ ಬಾಡಿಗೆ ಮಹಡಿಯಲ್ಲಿ ದುಡಿಯುವ ಕಚೇರಿ ಅರಮನೆಯ ಸಕ್ಕರೆಗೆ ಹತ್ತಿರ. ಸುತ್ತ ಹತ್ತು ಸಣ್ಣ ಕಂಪನಿಗಳನ್ನು ಹುಟ್ಟಿಸುವ ಕಚೇರಿ ಶುಕ್ರವಾರಪೇಟೆಯ ಗೊಂಬೆಗೆ ಹತ್ತಿರ.

ಉಳಿಯುವುದೇ ಸುಖವೆಂದು ಇಲ್ಲಿ ಹೇಳುತ್ತಿಲ್ಲ. ಗೊಂಬೆ ಉಳಿದಿದೆ, ಮಾಡುವವರ ಕೂಲಿ ಮಾತ್ರ ಬೆಳೆದಿಲ್ಲ. ದಿನವಿಡೀ ಲೇತಿನ ದೂಳು ಕುಡಿಯುವ ತಂದೆಯ ಮಗ, 1990ರ ದಶಕದ ಕೊನೆಗೆ ಬಿಡದಿಗೆ ಟೊಯೋಟಾ ಕಿರ್ಲೋಸ್ಕರ್ ಬಂದ ಮೇಲೆ ಅತ್ತ ನೋಡಿದರೆ, ಮಗಳು ಗಾರ್ಮೆಂಟ್ ಬಸ್ಸು ಹತ್ತಿದರೆ ಅದನ್ನು ತಪ್ಪೆನ್ನಲು ಯಾರಿಗೂ ಹಕ್ಕಿಲ್ಲ. ಹರಡಿದ ಕಸುಬಿನಲ್ಲಿ ಲಾಭವೂ ತೆಳ್ಳಗೆ ಹರಡುತ್ತದೆ, ದೊಡ್ಡ ಪಾಲು ನಗರದ ಅಂಗಡಿಗೆ ಹೋಗುತ್ತದೆ. ಇದು ನನ್ನ ವಾದದ ದುರ್ಬಲ ಜಾಗವೆಂದು ಒಪ್ಪುತ್ತೇನೆ. ಆದರೂ ಆ ಮಗ ಬಿಡದಿಯಿಂದ ಸಂಜೆ ಮರಳುವುದು ಲೇತು ಇನ್ನೂ ತಿರುಗುತ್ತಿರುವ ಬೀದಿಗೆ. ತಂತಿ ಎಳೆಯುವವನ ಮೊಮ್ಮಗನಿಗೆ ಮರಳಲು ಅಂಥ ಬೀದಿಯೇ ಇರಲಿಲ್ಲ. 2025ರಲ್ಲಿ ಚನ್ನಪಟ್ಟಣ ಸೇರಿರುವ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸುವ ತೀರ್ಮಾನವಾಯಿತು. ಅದೇ ಹೊತ್ತಿಗೆ ಬಿಡದಿಯ ಬಳಿ ಸಾವಿರಾರು ಎಕರೆಯಲ್ಲಿ ಹೊಸ ತಂತ್ರಜ್ಞಾನ ನಗರ ಕಟ್ಟುವ ಯೋಜನೆ ಮುಂದೆ ಬಂತು. ಬೈರಮಂಗಲ, ಕಂಚುಗಾರನಹಳ್ಳಿಗಳ ರೈತರು ಜಮೀನು ಕೊಡೆವೆಂದು ಧರಣಿ ಕೂತರು. ಯಾವ ಕಂಪನಿ ಬರುತ್ತದೆ, ಎಷ್ಟು ಉದ್ಯೋಗ ಸಿಗುತ್ತದೆ ಎಂದು ಲೆಕ್ಕ ಹಾಕುವವರು, ಬರುವ ಉದ್ಯಮದ ವಿದ್ಯೆ ಈ ಹಳ್ಳಿಗಳ ಎಷ್ಟು ಮನೆಗಳನ್ನು ಹೊಗುತ್ತದೆ ಎಂಬ ಲೆಕ್ಕವನ್ನೂ ಅದೇ ಕಾಗದದ ಮೇಲೆ ಬರೆಯಬೇಕು. ಆ ಜಮೀನುಗಳು ಬರಡಲ್ಲ. ಅಲ್ಲಿ ಹಸು ಕಟ್ಟಿದ್ದಾರೆ, ಹಿಪ್ಪುನೇರಳೆ ಬೆಳೆದಿದ್ದಾರೆ, ಆ ಸೊಪ್ಪು ತಿಂದ ಹುಳು ಕಟ್ಟಿದ ಗೂಡು ಬೆಳಗಾದರೆ ರಾಮನಗರದ ಹರಾಜಿಗೆ ಹೊರಡುತ್ತದೆ.